ಮೂಳೆ ಬೇಡ ಅಂದವಳು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.20

ಮಾಂಸ ಕತ್ತರಿಸೋಕೆ ಶುರು ಮಾಡಿ ಇವತ್ತಿಗೆ ನಾಲ್ಕನೇ ದಿನ. ಇವತ್ತು ಕಣ್ಣು ಬಿಟ್ಟುಕೊಂಡೇ ಕತ್ತರಿಸಿದೆ. ಪ್ರಗತಿ. ಜಾಗ — ಬಾಲ್ಕನಿ. ಸಾಮಾನು — ಹಸಿರು ಹಿಡಿಯ ಚಾಕು, ಹಳೇ ಮಣೆ, ಮುಚ್ಚಳದ ಡಬ್ಬಿ, ಒಂದು ಜೊತೆ ಗ್ಲೌಸ್. ಇವ್ಯಾವೂ ಅಡುಗೆಮನೆ ಹೊಸ್ತಿಲು ದಾಟುವಂತಿಲ್ಲ, ಅತ್ತೆಯ ಆರ್ಡರ್. ಮನೇಲಿ ಮಾಂಸ ತಿನ್ನೋರು ಯಾರೂ ಇಲ್ಲ. ನಲವತ್ತಾರು ವರ್ಷ ಮುಟ್ಟಿದ್ದೂ ಇಲ್ಲ. ಈಗ ಮುಷ್ಟಿಯಷ್ಟು ಪ್ರಾಣಿಯ ದೆಸೆಯಿಂದ ಬೆಳಗಾದರೆ ಇದೇ ಕಸುಬು.

ಬೆಕ್ಕಿನ ಮರಿ ಸಿಕ್ಕಿದ್ದು ನಾನು ಕೆಲಸ ಮಾಡೋ ಕನ್ನಡಕದಂಗಡಿಯ ಹಿಂದೆ, ಫ್ರೇಮ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ. ಚಿಟಿಕೆ ಅಂತ ಹೆಸರಿಟ್ಟೆ, ಇದ್ದದ್ದೇ ಅಷ್ಟು. ಹಾಲು ಕೊಟ್ಟರೆ ಭೇದಿ. ಪ್ಯಾಕೆಟ್ ಕಾಳು ಕೊಟ್ಟರೆ ವಾಂತಿ. ಕೊನೆಗೆ ಬೈಫೋಕಲ್ ಮಾಡಿಸೋಕೆ ಬಂದ, ಏಳು ಬೆಕ್ಕು ಸಾಕಿರೋ ಟೀಚರ್ ಹೇಳಿದರು — ಹಸಿ ಮಾಂಸ ಕೊಡಿ, ಬೆಕ್ಕಿನ ಹೊಟ್ಟೆ ಅದಕ್ಕೇ ಹುಟ್ಟಿದ್ದು. ಚೀಟಿ ಬರೆದುಕೊಟ್ಟರು. ಐದು ಸಾಲು. ಈ ಡೈರಿಗೇ ಅಂಟಿಸಿಕೊಂಡಿದ್ದೇನೆ. ಮೂರನೇ ಸಾಲಿನ ಮೇಲೆ ಮಾತ್ರ ಗೀಟು ಎಳೆದೆ. ಮೂಳೆ, ಲಿವರ್ ಅಂತೆಲ್ಲ ಇತ್ತು. ಪಾಪ, ಗಂಟಲಿಗೆ ಸಿಕ್ಕಿಕೊಂಡರೆ?

ವಾಂತಿ ನಿಂತಿದೆ. ಭೇದಿ ನಿಂತಿದೆ.

ಚಿಟಿಕೆ ಗಾತ್ರದ ಚಿಟಿಕೆ,
ಏರಿತು ಇಂದು ಕಿಟಕಿ.

ಅತ್ತೆಗೆ ಓದಿ ಹೇಳಿದೆ. "ಪ್ರಾಸ ಆಯ್ತು. ತಿಂಡಿ ಯಾವಾಗ?" ಅಂದರು.


ಫೆಬ್ರವರಿ 9, ಭಾನುವಾರ. ಬೆಳಿಗ್ಗೆ

ಮಾಂಸದಂಗಡಿಯಲ್ಲಿ ಕೂರೋಳು ನನಗಿಂತ ಚಿಕ್ಕವಳು, ದನಿ ನನಗಿಂತ ದೊಡ್ಡದು. ಕೋಳಿ ಕತ್ತರಿಸುತ್ತಲೇ ಮೂರು ಗಿರಾಕಿಗಳ ಮನೆ ಸಮಾಚಾರ ಕೇಳುತ್ತಾಳೆ. ನಾನು ಬೆನ್ನು ತಿರುಗಿಸಿ ನಿಂತು ರಸ್ತೆ ನೋಡುತ್ತೇನೆ.

"ಏನಕ್ಕಾ, ಇವತ್ತಾದ್ರೂ ಮೂಳೆ ಸಮೇತ ಹಾಕ್ಲಾ? ಸಣ್ಣಗೆ ಅರೆದು ಕೊಡ್ತೀನಿ."

"ಮೂಳೆ ಬೇಡ. ಚರ್ಮ ಬೇಡ. ಒಳಗಿಂದು ಏನೂ ಬೇಡ. ಎದೆ ಭಾಗ, ಬರೀ ಮೆತ್ತಗಿರೋದು."

"ಇಲಿ ಹಿಡಿದ ಬೆಕ್ಕು ಮೂಳೆ ಬಿಡಿಸಿಟ್ಟು ತಿನ್ನುತ್ತಾ ಅಕ್ಕಾ?"

"ನಮ್ಮದು ಇಲಿ ಹಿಡಿಯೋ ಜಾತಿ ಅಲ್ಲ. ಕೂತಲ್ಲಿಗೇ ತರಿಸಿಕೊಳ್ಳೋ ಜಾತಿ."

ನಕ್ಕಳು. ಕೊಟ್ಟಳು. ಬಿಳಿ, ಗುಲಾಬಿ, ನುಣುಪು. ನೋಡಿದರೆ ಸೋಪಿನ ತುಂಡು ಅನ್ನಬೇಕು. ಅದಕ್ಕೇ ಕೈ ಮುಟ್ಟೋಕಾಗುತ್ತದೆ.


ಫೆಬ್ರವರಿ 20, ಗುರುವಾರ. ಸಂಜೆ 7

ಚಿಟಿಕೆಗೆ ಮೈ ತುಂಬಿದೆ. ತುಪ್ಪಳದಲ್ಲಿ ಮುಖ ನೋಡಿಕೊಳ್ಳಬಹುದು. ಅತ್ತೆ ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂತವರು, ಈಗಲೂ ಮಾತೆಲ್ಲ ಪ್ಲಾಟ್‌ಫಾರಂ ಮಾತೇ. "ನೋಡೇ, ನಿನ್ನ ಎಕ್ಸ್‌ಪ್ರೆಸ್ ಬಂತು, ಪಕ್ಕಕ್ಕೆ ನಿಲ್ಲು" ಅಂತಾರೆ. ಬೆಕ್ಕು ಅಂದರೆ ಆಗದು ಅಂತ ಮೊದಲ ವಾರವೇ ಘೋಷಿಸಿದ್ದರು. ಇವತ್ತು ಅಂಗಡಿಯಿಂದ ಬಂದರೆ ಸೀರೆ ಸೆರಗಿನ ತುದಿ ಕುಣಿಸಿ ಆಟ ಆಡಿಸುತ್ತಿದ್ದಾರೆ. ನನ್ನ ಕಂಡು ಸೆರಗು ಸರಿಮಾಡಿಕೊಂಡರು.

"ಸೊಳ್ಳೆ ಓಡಿಸ್ತಿದ್ದೆ."

ಬಟ್ಟಲು ಖಾಲಿ, ಹೊಟ್ಟೆ ದುಂಡು;
ಬೆದರಿದ ಬಾಲ ಹತ್ತಿಯ ಚೆಂಡು.

ಇವರು — ನನ್ನ ಯಜಮಾನರು — ಲಿಫ್ಟ್ ರಿಪೇರಿಯವರು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದು ಮನೆಯಲ್ಲಿ ಮಧ್ಯದ ಮಹಡಿಯಲ್ಲೇ ನಿಲ್ಲುತ್ತಾರೆ, ಅಮ್ಮನ ಕಡೆಯೂ ಇಲ್ಲ, ನನ್ನ ಕಡೆಯೂ ಇಲ್ಲ. "ಬೆಕ್ಕಿಗೆ ಎದೆ ಮಾಂಸ, ನನಗೆ ನಿನ್ನೆಯ ಪಲ್ಯ" ಅಂದರು. ಹೌದು ಅಂದೆ.


ಮಾರ್ಚ್ 16, ಭಾನುವಾರ

ಬಹಳ ದಿನ ಬರೆದಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಪರೀಕ್ಷೆ ಹತ್ತಿರ ಬಂದರೆ ಮಕ್ಕಳಿಗೆಲ್ಲ ಒಮ್ಮೆಗೇ ಬೋರ್ಡ್ ಕಾಣಿಸೋದಿಲ್ಲ. ದಿನಕ್ಕೆ ಮೂವತ್ತು ಜೊತೆ ಲೆನ್ಸ್ ಅಂಚು ಉಜ್ಜಿ ಫ್ರೇಮಿಗೆ ಕೂರಿಸಿದ್ದೇನೆ. ಒಂದೂ ವಾಪಸ್ ಬಂದಿಲ್ಲ. ಮಾಲೀಕರು ಎಲ್ಲರೆದುರು "ಇವರ ಕೈ ದಾಟಿದ್ದನ್ನ ನಾನು ಮತ್ತೆ ನೋಡೋದೇ ಇಲ್ಲ" ಅಂದರು. ಸಂತೋಷ ಆಯ್ತು, ಮುಖದಲ್ಲಿ ತೋರಿಸಲಿಲ್ಲ.

ಚಿಟಿಕೆ ಗಂಭೀರ ಆಗಿದ್ದಾಳೆ. ಕಿಟಕಿ ಹತ್ತೋಲ್ಲ. ಸೋಫಾ ಮುಂದೆ ಕೂತು ಮೇಲಕ್ಕೆ ನೋಡುತ್ತಾಳೆ, ಎತ್ತಿ ಕೂರಿಸಲಿ ಅಂತ. ಬೆನ್ನು ಸವರಿದರೆ ಗುರ್ ಅನ್ನುತ್ತಾಳೆ. ದೊಡ್ಡವಳಾದಳು ಅಂತ ಕಾಣುತ್ತೆ. ಸೊಕ್ಕು.


ಮಾರ್ಚ್ 23, ಭಾನುವಾರ. ಸಂಜೆ 5

ಇವತ್ತಿನದನ್ನ ಇವತ್ತೇ ಬರೆಯಬೇಕು.

ಮಧ್ಯಾಹ್ನ ಅತ್ತೆಯ ಔಷಧಿ ಡಬ್ಬ ಇಡೋ ಸ್ಟ್ಯಾಂಡ್ ಮೇಲೆ ಚಿಟಿಕೆ ಇದ್ದಳು. ಕೂರಿಸಿದ್ದು ನಾನೇ, ಅಲ್ಲಿ ಬಿಸಿಲು ಬರುತ್ತೆ ಅಂತ. ಮಾತ್ರೆ ಚೆಲ್ಲೀತು ಅಂತ ಅತ್ತೆ ಟವೆಲ್ ಬೀಸಿದರು. ಹೊಡೆಯಲಿಲ್ಲ, ಬೀಸಿದರು. ಅವಳು ನೆಗೆದಳು. ಸೊಂಟದಷ್ಟು ಎತ್ತರ. ನೆಲ ಮುಟ್ಟಿದ ಮೇಲೆ ಬಂದ ಕೂಗು ಬೆಕ್ಕಿನದು ಅನ್ನಿಸಲಿಲ್ಲ. ಹಿಂಗಾಲು ಒಂದು ಕಡೆಗೆ ತಿರುಗಿಬಿಟ್ಟಿತ್ತು.

ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಅತ್ತೆ ಎದುರು ದನಿ ಎತ್ತಿದೆ. "ನಿಮ್ಮ ಕೈ ಸುಮ್ಮನಿರೋದೇ ಇಲ್ವಾ? ಕಾಲು ಮುರಿದುಬಿಟ್ರಲ್ಲ. ಈಗ ಸಮಾಧಾನ ಆಯ್ತಾ?"

ಅತ್ತೆ ಟವೆಲನ್ನು ನಾಲ್ಕು ಮಡಿಕೆ ಮಾಡಿದರು. ಬಿಚ್ಚಿದರು. ಮತ್ತೆ ಮಡಿಸಿದರು.

ಇವರು ಬಂದು "ಹೋಗ್ಲಿ ಬಿಡೆ, ಅಮ್ಮನಿಗೂ ವಯಸ್ಸಾಯ್ತು" ಅಂದರು. ಸಮಾಧಾನ ಮಾಡೋಕೆ ಅಂದದ್ದು. ಅತ್ತೆ ಕೇಳಿಸಿಕೊಂಡರು.

ನಾದಿನಿಗೂ ಫೋನ್ ಮಾಡಿ ಹೇಳಿದೆ, ನಿಮ್ಮಮ್ಮ ಹೀಗೆ ಮಾಡಿದರು ಅಂತ. ಸ್ವಲ್ಪ ಜಾಸ್ತಿಯೇ ಹೇಳಿದೆ.


ಮಾರ್ಚ್ 24, ಸೋಮವಾರ

ಪ್ರಾಣಿ ಆಸ್ಪತ್ರೆ. ಡಾಕ್ಟರಮ್ಮ ರಜ. ಕಾಂಪೌಂಡರ್ ಕಾಲು ಮುಟ್ಟಿ ನೋಡಿ "ಉಳುಕಿರಬೇಕು, ಹತ್ತು ದಿನ ಓಡಾಡಿಸಬೇಡಿ, ಚೆನ್ನಾಗಿ ತಿನ್ನಿಸಿ" ಅಂದ. ಚೆನ್ನಾಗಿ ಅಂದನಲ್ಲ, ಇವತ್ತಿನಿಂದ ಎರಡು ಹೊತ್ತಿನ ಬದಲು ಮೂರು ಹೊತ್ತು. ಅದೇ ಎದೆ ಮಾಂಸ.


ಏಪ್ರಿಲ್ 3, ಗುರುವಾರ. ಸಂಜೆ 6.30

ಇನ್ನೊಂದು ಕಾಲೂ ಎಳೆಯೋಕೆ ಶುರುವಾಗಿತ್ತು. ಇವತ್ತು ಡಾಕ್ಟರಮ್ಮ ಇದ್ದರು. ಎಕ್ಸ್‌ರೇ ತೆಗೆದರು. ಫಿಲ್ಮನ್ನ ದೀಪದ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು.

"ಏನು ಊಟ ಕೊಡ್ತೀರಿ?"

ಹೆಮ್ಮೆಯಿಂದಲೇ ಹೇಳಿದೆ. ಹಸಿ ಮಾಂಸ. ತಾಜಾ. ಮೂಳೆ ಇಲ್ಲ, ಲಿವರ್ ಇಲ್ಲ, ದಿನಾ ನಾನೇ ಕತ್ತರಿಸೋದು.

"ಬೇರೆ?"

"ಬೇರೆ ಏನೂ ಇಲ್ಲ. ಒಂದು ಕಾಳಷ್ಟೂ ಕಲಬೆರಕೆ ಇಲ್ಲ."

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು."

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಗಲೂ ನನಗೆ ಕಂಡದ್ದು ಅವರ ಕನ್ನಡಕದ ಮೂಗಿನ ಪ್ಯಾಡ್ ಸಡಿಲ ಆಗಿರೋದು.

"ಇಲ್ಲಿ ನೋಡಿ. ಮೂಳೆ ಬೆಳ್ಳಗೆ ಎದ್ದು ಕಾಣಬೇಕು. ಇದರಲ್ಲಿ ಮೂಳೆ ಎಲ್ಲಿ, ಮಾಂಸ ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ. ಬೆಳೆಯೋ ಮರಿ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲ ಅಂತಲೇ ಅಂದ್ಕೊಳ್ಳಿ. ಹೊರಗಿಂದ ಬರದಿದ್ರೆ ಮೈ ಏನು ಮಾಡುತ್ತೆ? ತನ್ನ ಮೂಳೇನೇ ಕರಗಿಸಿ ತಿನ್ನುತ್ತೆ."

"ಇಲ್ಲ ಡಾಕ್ಟ್ರೇ, ಬಿದ್ದಿದ್ದು. ನಮ್ಮತ್ತೆ ಟವೆಲ್ ಬೀಸಿದರು…"

"ಎಷ್ಟು ಎತ್ತರದಿಂದ?"

ಸೊಂಟ ತೋರಿಸಿದೆ.

"ಅಷ್ಟಕ್ಕೆ ಬೆಕ್ಕಿನ ಕಾಲು ಮುರಿಯಲ್ಲ. ಇದು ಇವತ್ತಲ್ಲ ನಾಳೆ, ಸೋಫಾ ಇಳಿದಿದ್ರೂ ಮುರೀತಿತ್ತು. ಎರಡನೇ ಕಾಲಲ್ಲೂ ಬಿರುಕಿದೆ, ಅದಕ್ಕೆ ಯಾರು ಟವೆಲ್ ಬೀಸಿದ್ರು? ನಿಮ್ಮತ್ತೆ ನೆಪ ಅಷ್ಟೇ."

"ಹಸಿ ಮಾಂಸ ಕೊಡಬಾರದಿತ್ತಾ?"

"ಹಾಗನ್ನಲಿಲ್ಲ. ಅರ್ಧ ಕೊಡಬಾರದಿತ್ತು."

ಆರು ವಾರ ಪಂಜರ. ಡಬ್ಬಿಯ ಆಹಾರ ಬರೆದುಕೊಟ್ಟಿದ್ದಾರೆ, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕಂತೆ. ಮರಿಯಾದ್ದರಿಂದ ಕೂಡಿಕೊಳ್ಳಬಹುದು. ಬೆನ್ನುಮೂಳೆಯೂ ತೆಳ್ಳಗಾಗಿದೆ, ಅದರ ಬಗ್ಗೆ ಮಾತ್ರ ಈಗಲೇ ಹೇಳೋಕಾಗಲ್ಲ ಅಂದರು.

ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಏನಂತೆ?"

"ಮೂಳೆ ಮುರಿದಿದೆಯಂತೆ."

ಸುಳ್ಳಲ್ಲ. ಅದರ ಮುಂದಿನ ವಾಕ್ಯ ನಾಲಿಗೆ ತುದಿವರೆಗೂ ಬಂದಿತ್ತು. ಅತ್ತೆ ತಮ್ಮ ಬಲಗೈಯನ್ನ ತಿರುಗಿಸಿ ನೋಡಿಕೊಂಡರು. "ಪಾಪಿ ಕೈ" ಅಂದರು.

ಕೈಕಾಲು ತೊಳ್ಕೊಂಡು ಬರ್ತೀನಿ ಅಂತ ಒಳಗೆ ಹೋದೆ. ಅಷ್ಟೇ ನಾನು ಮಾಡಿದ್ದು.


ಏಪ್ರಿಲ್ 8, ಮಂಗಳವಾರ

ಚೀಟಿ ತೆಗೆದು ನೋಡಿದೆ. ಟೀಚರ್ ಅಕ್ಷರ ಮುತ್ತಿನ ಹಾಗಿದೆ, ಗೀಟಿನ ಕೆಳಗೂ ಓದೋಕೆ ಬರುತ್ತೆ. "ಮೂಳೆ ಸಮೇತ ಅರೆಸಿ, ಲಿವರ್ ಸ್ವಲ್ಪ ಸೇರಿಸಿ. ಇದು ತಪ್ಪಬಾರದು." ತಪ್ಪಬಾರದು ಅನ್ನೋದಕ್ಕೆ ಅಡಿಗೆರೆ ಬೇರೆ.

ಗೀಟು ಎಳೆದದ್ದು ಗಂಟಲಿಗೆ ಸಿಕ್ಕೀತು ಅಂತ ಅಲ್ಲ. ಇಲ್ಲಿ ಯಾರೂ ಓದೋರಿಲ್ಲ, ಬರೆದುಬಿಡ್ತೀನಿ. ಮೂಳೆ ಇದ್ದರೆ ಅದು ಕೋಳಿ ಅಂತ ಗೊತ್ತಾಗುತ್ತೆ. ಕಾಲು, ಬೆನ್ನು, ರೆಕ್ಕೆ. ನನಗೆ ಅದು ಬೇಡವಾಗಿತ್ತು. ನನಗೆ ನೋಡೋಕಾಗದ್ದನ್ನ ಅವಳ ಬಟ್ಟಲಿಂದ ತೆಗೆದು, ಅದಕ್ಕೆ ಪ್ರೀತಿ ಅಂತ ಹೆಸರಿಟ್ಟೆ.

ಪ್ರಾಸ ಬರುತ್ತಿಲ್ಲ. ಬರದಿದ್ದರೇ ಒಳ್ಳೇದು.


ಏಪ್ರಿಲ್ 11, ಶುಕ್ರವಾರ. ಬೆಳಿಗ್ಗೆ

ಅತ್ತೆ ಬೈಯೋದು ನಿಲ್ಲಿಸಿದ್ದಾರೆ. ಇಪ್ಪತ್ತೆರಡು ವರ್ಷ ಇದಕ್ಕೇ ಆಸೆಪಟ್ಟಿದ್ದೆ. ಸಾರಿಗೆ ಉಪ್ಪು ಮರೆತೆ, ಸುಮ್ಮನೆ ಉಂಡರು. ಇವರು ಮರೆತ ಟಿಫನ್ ಡಬ್ಬಿ ಮೇಜಿನ ಮೇಲೇ ಇತ್ತು, ಕಂಡೂ ಏನೂ ಅನ್ನಲಿಲ್ಲ. ಫ್ರಿಜ್ ತೆಗೆಯುವಾಗ "ತಗೋಬಹುದಾ?" ಅಂತ ಕೇಳಿದರು. ಅವರದೇ ಫ್ರಿಜ್. ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರೆ.

ದಿನವಿಡೀ ಪಂಜರದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಚಿಟಿಕೆಗೆ ಸಣ್ಣ ದನಿಯಲ್ಲಿ ಬಸ್ಸಿನ ವೇಳಾಪಟ್ಟಿ ಹೇಳುತ್ತಾರೆ. ಆರು ಹತ್ತು, ಆರು ನಲವತ್ತು, ಏಳು ಕಾಲು. ಅವಳು ಕಿವಿ ನೆಟ್ಟಗೆ ಮಾಡಿ ಕೇಳುತ್ತಾಳೆ.

ಡಬ್ಬಿಯ ಆಹಾರ ಯಾಕೆ ಅಂತ ಇವರು ಕೇಳಿದರು. ಟಾನಿಕ್ ಇದ್ದ ಹಾಗೆ, ಡಾಕ್ಟರ್ ಬರೆದಿದ್ದಾರೆ ಅಂದೆ.


ಏಪ್ರಿಲ್ 13, ಭಾನುವಾರ

ನಾದಿನಿ ಅಮ್ಮನಿಗೆ ಫೋನ್ ಮಾಡಿದ್ದಳಂತೆ. ಶನಿವಾರ ಬಂದು ಕರೆದುಕೊಂಡು ಹೋಗುತ್ತಾಳೆ. ಎಷ್ಟು ದಿನಕ್ಕೆ ಅಂತ ಕೇಳಿದೆ.

"ಇನ್ಮೇಲೆ ಅಲ್ಲೇ" ಅಂದರು ಅತ್ತೆ. "ಕಣ್ಣು ಮಂಜು, ಕೈ ನಡುಕ. ಇವತ್ತು ಬೆಕ್ಕಿನ ಕಾಲು. ನಾಳೆ ಗ್ಯಾಸ್ ಆರಿಸೋದು ಮರೀತೀನಿ. ನೀವಿಬ್ಬರೂ ಹೊರಗೆ ದುಡಿಯೋರು, ನನ್ನ ಕಾಯೋರು ಯಾರು?"

"ಅತ್ತೆ, ಹಾಗೆಲ್ಲ…"

"ನೀನು ಅಂದಿದ್ದು ಸರಿಯೇ ಕಣೆ. ನನಗೇನೂ ಬೇಜಾರಿಲ್ಲ. ನನ್ನ ಕಂಟ್ರೋಲ್ ತಪ್ಪಿದೆ."

ಇವರು ಗೋಡೆ ನೋಡುತ್ತಾ ಕೂತಿದ್ದರು. ಅಮ್ಮ ತಾನೇ ಅಂದಮೇಲೆ ಇವರೇನು ಅಂದಾರು. ಈ ಮನೆ ಕಂತು ಕಟ್ಟಿ ಕೊಂಡದ್ದು ಅತ್ತೆ, ಆ ಕೌಂಟರಿನಲ್ಲಿ ಕೂತು ಗಂಟಲು ಹರಿದುಕೊಂಡು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಅನ್ನ ಹಾಕ್ಲಾ?" ಅಂದೆ.


ಏಪ್ರಿಲ್ 16, ಬುಧವಾರ. ಮಧ್ಯಾಹ್ನ, ಅಂಗಡಿಯಲ್ಲಿ

ಒಂದು ಕನ್ನಡಕ ವಾಪಸ್ ಬಂತು. ಎಡದ ಲೆನ್ಸ್ ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿಬಿಟ್ಟಿದ್ದೆ. ಹುಡುಗಿಗೆ ಎರಡು ದಿನ ತಲೆನೋವು. ಅವರಮ್ಮನಿಗೆ ಕೂಡಲೇ ಹೇಳಿದೆ, ನನ್ನದೇ ತಪ್ಪು, ಹತ್ತು ನಿಮಿಷ ಕೊಡಿ ಅಂತ. ಎಷ್ಟು ಸಲೀಸಾಗಿ ಬಂತು ಮಾತು. ಅಪರಿಚಿತರ ಎದುರು ನಾನು ಸತ್ಯವಂತಳು.


ಏಪ್ರಿಲ್ 17, ಗುರುವಾರ. ಸಂಜೆ

ಬರೋ ದಾರಿಯಲ್ಲಿ ಮಾಂಸದಂಗಡಿಯವಳು ಕೂಗಿದಳು. "ಏನಕ್ಕಾ, ಅಂಗಡಿ ಬದಲಾಯಿಸಿದ್ರಾ?"

ನಿಂತು ಎಲ್ಲಾ ಹೇಳಿಬಿಟ್ಟೆ. ಯಾಕೆ ಅವಳಿಗೆ ಹೇಳಿದೆನೋ ಗೊತ್ತಿಲ್ಲ. ಇವತ್ತು ಬೆನ್ನು ತಿರುಗಿಸದೆ ನಿಂತಿದ್ದೆ. ಅವಳು ಕತ್ತಿ ಕೆಳಗಿಟ್ಟಳು, ಕೈ ಒರೆಸಿಕೊಂಡಳು.

"ನಾನೂ ಕೇಳೋದು ಬಿಟ್ಟುಬಿಟ್ಟೆ ಅಕ್ಕ. ಗಿರಾಕಿ ಬೇಡ ಅಂದ್ರೆ ಬೇಡ. ಇನ್ನೊಂದು ಸಲ ಕೇಳಬಹುದಿತ್ತು."

"ನೀನು ಎಷ್ಟೋ ಸಲ ಕೇಳಿದೀಯ."

"ಮನೇಲಿ ಹೇಳಿದ್ರಾ?"

ಚೀಲದ ಹಿಡಿ ಸರಿಮಾಡಿಕೊಂಡೆ.

"ಆ ಅಜ್ಜಿಗೆ?"

ಹಿಂದೆ ಗಿರಾಕಿ ಕಾಯುತ್ತಿದ್ದರು. ಅವಳು ಮತ್ತೆ ಕತ್ತಿ ಎತ್ತಿಕೊಂಡಳು. ತಲೆ ಎತ್ತದೆ ಅಂದಳು, "ಬೆಕ್ಕು ಚಿಕ್ಕದು ಅಕ್ಕ, ಕೂಡಿಕೊಳ್ಳುತ್ತೆ. ಅಜ್ಜಿ ವಯಸ್ಸಿಗೆ ಮುರಿದದ್ದು ಕೂಡೋದು ಕಷ್ಟ."


ಏಪ್ರಿಲ್ 18, ಶುಕ್ರವಾರ. ಸಂಜೆ 6

ಅತ್ತೆಯ ಟ್ರಂಕು ಹಾಲಿನಲ್ಲಿದೆ. ಎಲ್ಲಾ ಮಡಿಸಿ ಆಗಿದೆ. ಔಷಧಿ ಡಬ್ಬ, ಎರಡು ಜೊತೆ ಚಪ್ಪಲಿ, ರಿಟೈರ್ ಆದಾಗ ಕೊಟ್ಟ ಗೋಡೆ ಗಡಿಯಾರ. ಗಡಿಯಾರ ಇದ್ದ ಜಾಗದಲ್ಲಿ ಗೋಡೆ ದುಂಡಗೆ ಬೆಳ್ಳಗಿದೆ.

ಇವತ್ತು ಡಾಕ್ಟರಮ್ಮ ಚಿಟಿಕೆಯನ್ನ ನೋಡಿದರು. ಬೆನ್ನು ಪರವಾಗಿಲ್ಲ. ನೋವು ಕಡಿಮೆಯಾಗಿದೆ. ಬಂದು ಹೇಳಿದೆ. ಅತ್ತೆ ಟ್ರಂಕಿನ ಚಿಲಕ ಹಾಕಿದರು.

"ಇನ್ನು ನೆಮ್ಮದಿಯಾಗಿ ಹೋಗಬಹುದು" ಅಂದರು.


ಏಪ್ರಿಲ್ 19, ಶನಿವಾರ. ಬೆಳಿಗ್ಗೆ 7.30

ಹೇಳಿದೆ.

ಏಳು ಗಂಟೆಗೆ, ಅತ್ತೆ ಕಾಫಿ ಹಿಡಿದು ಪಂಜರದ ಪಕ್ಕ ಕೂತಾಗ. ಪೀಠಿಕೆ ಹಾಕೋಕೆ ಹೋದರೆ ಮತ್ತೆ ಅನ್ನ ಹಾಕ್ಲಾ ಅಂತೀನಿ ಅಂತ ಗೊತ್ತಿತ್ತು. ಎಕ್ಸ್‌ರೇ ಫಿಲ್ಮ್ ಕೈಗೆ ಕೊಟ್ಟೆ. ಕಿಟಕಿ ಬೆಳಕಿಗೆ ಹಿಡೀರಿ ಅಂದೆ. ಮೂಳೆ ಎಲ್ಲಿ ಕಾಣುತ್ತೆ ಹೇಳಿ ಅಂದೆ. ಕಣ್ಣು ಕಿರಿದು ಮಾಡಿ ಹುಡುಕಿದರು.

"ನನಗೆ ಮಂಜು. ಕಾಣಲ್ಲ."

"ಮಂಜಲ್ಲ ಅತ್ತೆ. ಡಾಕ್ಟರಿಗೂ ಸರಿಯಾಗಿ ಕಾಣಲಿಲ್ಲ. ಅದರ ಮೈಯಲ್ಲಿ ಗಟ್ಟಿ ಮೂಳೆ ಇರಲೇ ಇಲ್ಲ. ನಾನು ತಿನ್ನಿಸಿದ್ದರಿಂದ. ನೀವು ಟವೆಲ್ ಬೀಸದಿದ್ರೂ ಮುರೀತಿತ್ತು."

ಫಿಲ್ಮ್ ಇಳಿಸಲಿಲ್ಲ. ಅದರ ಹಿಂದಿನಿಂದಲೇ ಕೇಳಿದರು.

"ಯಾವಾಗ ಗೊತ್ತಾಯ್ತು?"

"ಎಕ್ಸ್‌ರೇ ತೆಗೆದ ದಿನ."

"ಹದಿನಾರು ದಿನ."

ಅಷ್ಟು ಬೇಗ ಲೆಕ್ಕ ಹಾಕಿದರು. ನಾನು ಹೂಂ ಅಂದೆ.

"ಹದಿನಾರು ದಿನ ನಾನು ಈ ಕೈಯಲ್ಲಿ ಲೋಟ ಹಿಡಿಯೋಕೆ ಹೆದರಿದೀನಿ ಕಣೆ. ಸ್ನಾನಕ್ಕೆ ಹೋದ್ರೆ ಬಕೆಟ್ ಎತ್ತೋಕೆ ಹೆದರಿದೀನಿ. ನೀನು ದಿನಾ ನೋಡ್ತಿದ್ದೆ."

ಕಾಲು ಹಿಡಿಯೋಕೆ ಬಗ್ಗಿದೆ. "ಅದೆಲ್ಲ ಬೇಡ, ಎದ್ದೇಳು" ಅಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರ ಆಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು ಅಂತ ಕಾಣುತ್ತೆ. ಇವರು ಬಾತ್‌ರೂಮಿನಿಂದ ಬಂದು ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತುಬಿಟ್ಟರು. ಎಲ್ಲಾ ಕೇಳಿಸಿಕೊಂಡಿದ್ದರು. ಒಂದು ಹೆಜ್ಜೆ ಮುಂದೆ ಬಂದು ಅಮ್ಮನ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಅಮ್ಮ, ಹೋಗಬೇಡ" ಅಂದರು. ಇವರ ಬಾಯಿಂದ ಇಂಥ ಮಾತು ಕೇಳಿದ್ದೇ ಇವತ್ತು.

"ಹೋಗೋದು ಬಿಡೋದು ಆಮೇಲೆ. ನನಗೆ ಮಗಳ ಮನೆಯೂ ಮನೆಯೇ" ಅಂದರು ಅತ್ತೆ. "ಆದ್ರೆ ಮಾಡದ ತಪ್ಪು ಹೊತ್ಕೊಂಡು ಹೋಗಲ್ಲ. ಅವಳು ಏಳೂ ಐವತ್ತರ ಬಸ್ಸಿಗೆ ಹೊರಡ್ತಾಳೆ. ಅವಳಿಗೆ ಫೋನ್ ಮಾಡಿ ಚುಚ್ಚಿದೋಳು ನೀನು. ನೀನೇ ಹೇಳು. ನಾನು ಹೇಳಿದ್ರೆ, ಮುದುಕಿ ಸೊಸೆ ಮೇಲೆ ಹಾಕ್ತಾಳೆ ಅಂತಾಳೆ."

"ಈಗಲೇ?"

"ಇನ್ನೊಂದು ಹದಿನಾರು ದಿನ ಬೇಕಾ?"

ಒಂದು ನಿಮಿಷ ಅಂತ ರೂಮಿಗೆ ಬಂದಿದ್ದೇನೆ. ಮಾತು ಜೋಡಿಸಿಕೊಳ್ಳೋಕೆ. ಬರೆದುಕೊಂಡರೆ ಹೇಳೋಕೆ ಸುಲಭ.

"ಡಾಕ್ಟರ್ ಹೇಳೋ ಪ್ರಕಾರ, ಕ್ಯಾಲ್ಸಿಯಂ ಕೊರತೆ ಅಂತ ಒಂದು ಕಾಯಿಲೆ…" — ಹೊಡೆದುಹಾಕಿದೆ. ಕಾಯಿಲೆ ಅಲ್ಲ.

"ನೋಡು, ಯಾರದೂ ತಪ್ಪಿಲ್ಲ…" — ಇದೂ ಬೇಡ.

"ನನಗೂ ಗೊತ್ತಿರಲಿಲ್ಲ…" — ಎರಡು ತಿಂಗಳು ಗೊತ್ತಿರಲಿಲ್ಲ. ಹದಿನಾರು ದಿನ ಗೊತ್ತಿತ್ತು.

ಹಾಲಿನಿಂದ ಅತ್ತೆ ಕೂಗುತ್ತಿದ್ದಾರೆ, ಏಳೂ ನಲವತ್ತೈದು ಆಯ್ತು ಅಂತ.

"ಚಿಟಿಕೆ ಕಾಲು ಮುರಿದದ್ದು ನಿಮ್ಮಮ್ಮನಿಂದ ಅಲ್ಲ. ನನ್ನಿಂದ. ಗೊತ್ತಾದ ಮೇಲೂ ನಾನು ಹದಿನಾರು ದಿನ ಮುಚ್ಚಿಟ್ಟೆ." ಇಷ್ಟು ಸಾಕು, ಫೋನ್ ಮಾಡ್ತೀನಿ.